ಎಸಿ ಫಿಟ್ಟಿಂಗ್: ಸಹಿ ಹಾಕುವ ಮೊದಲು ಏನೇನು ನೋಡಬೇಕು?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮದು ಜಂಬಿಟ್ಟಿಗೆ ಗೋಡೆಯ ಹಳೇ ಮನೆ. ಒಂದು ಕೋಣೆಗೆ ಒಂದೂವರೆ ಟನ್ನಿನ ಇನ್ವರ್ಟರ್ ಎಸಿ ತಂದಿದ್ದೇವೆ. ಫಿಟ್ಟಿಂಗ್‌ಗೆ ಬರುವವರು ಕೆಲಸ ಮುಗಿಸಿ "ತಣ್ಣಗೆ ಬರ್ತಿದೆಯಲ್ಲ, ಸೈನ್ ಮಾಡಿ" ಅಂತಾರೆ ಎಂದು ಕೇಳಿದ್ದೇವೆ. ತಣ್ಣಗೆ ಬಂದರೆ ಸಾಕೇ? ಕೆಲಸ ಸರಿಯಾಗಿದೆ ಎಂದು ನಾವು ಖಾತ್ರಿ ಮಾಡಿಕೊಳ್ಳುವುದು ಹೇಗೆ?

ಉತ್ತರ: ಸಾಲದು. ಪೈಪಿನೊಳಗೆ ಗಾಳಿ, ತೇವ ಉಳಿದ ಎಸಿಯೂ ಮೊದಲ ದಿನ ತಣ್ಣಗೇ ಬೀಸುತ್ತದೆ. ತಪ್ಪು ಹೊರಗೆ ಬರುವುದು ಮುಂದಿನ ಬೇಸಿಗೆಗೆ, ಕೆಲವು ಸಲ ಎರಡು ಮಳೆಗಾಲ ಕಳೆದ ಮೇಲೆ. ಯಂತ್ರದ ಮೇಲೆ ಅಂಟಿಸಿರುವ ಬಿಇಇ ಸ್ಟಾರ್ ಲೇಬಲ್ ಯಂತ್ರಕ್ಕೆ ಕೊಟ್ಟದ್ದು. ನಿಮ್ಮ ಗೋಡೆಯ ಮೇಲೆ ಎರಡು ಗಂಟೆ ನಡೆಯುವ ಕೆಲಸದ ಬಗ್ಗೆ ಅದು ಏನೂ ಹೇಳುವುದಿಲ್ಲ. ಅಮೆರಿಕದಲ್ಲಿ ಎಸಿ ಗುತ್ತಿಗೆದಾರರ ಸಂಘ ಎಸಿಸಿಎ ಮಾಡಿದ, ಫಿಟ್ಟಿಂಗ್ ಕೆಲಸಕ್ಕೇ ಮೀಸಲಾದ 'ಎಸಿಸಿಎ 5' ಎಂಬ ಮಾನದಂಡವಿದೆ, ಕೆಲಸವನ್ನು ಪರಿಶೀಲಿಸುವ ಕ್ರಮಕ್ಕೆ 'ಎಸಿಸಿಎ 9' ಎಂಬ ಇನ್ನೊಂದಿದೆ. ಇಲ್ಲಿ ಮನೆಯವರೇ ಕೇಳಿ ಅಳತೆಗಳನ್ನು ಬರೆಸಿಕೊಳ್ಳಬೇಕು. ಇದರಲ್ಲಿ ಬಹುಪಾಲು ಕೆಲಸ ನಡೆಯುತ್ತಿರುವಾಗ ಮಾತ್ರ ಸಿಗುವ ಅಳತೆಗಳು. ಹಾಗಾಗಿ ಆ ಎರಡು ಗಂಟೆ ಮನೆಯವರು ಯಾರಾದರೂ ಪಕ್ಕದಲ್ಲೇ ನಿಂತಿರಲಿ.

ಎಲ್ಲಕ್ಕಿಂತ ಮುಖ್ಯವಾದದ್ದು ವ್ಯಾಕ್ಯೂಮ್. ಈಗ ಮನೆಗೆ ಬರುವ ಇನ್ವರ್ಟರ್ ಎಸಿಗಳಲ್ಲಿ ಬಹುಪಾಲು ಆರ್-32 ಗ್ಯಾಸ್. ಅದರ ಜೊತೆ ಕಂಪ್ರೆಸರಿನಲ್ಲಿರುವ ಸಿಂಥೆಟಿಕ್ ಎಣ್ಣೆ ಮಳೆಗಾಲದ ಉಪ್ಪಿನ ಭರಣಿಯ ಹಾಗೆ ತೇವ ಎಳೆದುಕೊಳ್ಳುತ್ತದೆ. ತೇವ ಸೇರಿದ ಎಣ್ಣೆಯಲ್ಲಿ ಆಮ್ಲ ಹುಟ್ಟಿ ನಿಧಾನವಾಗಿ ಕಂಪ್ರೆಸರಿನ ವೈಂಡಿಂಗ್ ತಿನ್ನುತ್ತದೆ. ಅದಕ್ಕೇ ಪೈಪ್ ಜೋಡಿಸಿದ ಮೇಲೆ, ಔಟ್‌ಡೋರ್ ಯೂನಿಟ್ಟಿನಲ್ಲಿ ಗ್ಯಾಸ್ ತಡೆದಿರುವ ವಾಲ್ವ್ ತೆರೆಯುವ ಮೊದಲು, ಪಂಪ್ ಹಚ್ಚಿ ಒಳಗಿನ ಗಾಳಿ-ತೇವವನ್ನೆಲ್ಲ ಎಳೆದು ತೆಗೆಯಬೇಕು. ಒತ್ತಡ ಅಷ್ಟು ಇಳಿದಾಗ ಪೈಪಿನಲ್ಲಿರುವ ನೀರಿನ ಪಸೆ ಕೋಣೆಯ ತಾಪದಲ್ಲೇ ಆವಿಯಾಗಿ ಹೊರಬರುತ್ತದೆ. ಅವಸರದವರು ಪಂಪನ್ನೇ ತರುವುದಿಲ್ಲ. ಔಟ್‌ಡೋರ್ ಯೂನಿಟ್ಟಿನ ಗ್ಯಾಸನ್ನು ಒಂದೆರಡು ಸೆಕೆಂಡ್ 'ಸುಯ್' ಎಂದು ಬಿಟ್ಟು "ಏರ್ ತೆಗೆದಾಯ್ತು" ಅನ್ನುತ್ತಾರೆ. ಇದರಿಂದ ಗಾಳಿ ಒಂದಿಷ್ಟು ಹೋಗಬಹುದು, ತೇವ ಹೋಗುವುದಿಲ್ಲ. ಮೇಲಾಗಿ ಆರ್-32 ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯುವ ಗ್ಯಾಸ್. ವ್ಯಾಕ್ಯೂಮ್ ಪಂಪ್ ಇಲ್ಲದೆ ಬಂದವರಿಗೆ ಕೆಲಸ ಶುರು ಮಾಡಲು ಬಿಡಬೇಡಿ. ಈ ಒಂದು ವಿಷಯದಲ್ಲಿ ದಾಕ್ಷಿಣ್ಯ ಬೇಡ.

ಪಂಪ್ ಕನಿಷ್ಠ 20 ನಿಮಿಷ ಓಡಲಿ, ಮಳೆಗಾಲವಾದರೆ ಅರ್ಧ ಗಂಟೆ. ಮುಳ್ಳಿನ ಗೇಜ್ ಇದ್ದರೆ ಮುಳ್ಳು ಕೆಲವೇ ನಿಮಿಷಗಳಲ್ಲಿ ಸೊನ್ನೆಯಿಂದ ಕೆಳಗಿನ 30 ಇಂಚಿನ ಹತ್ತಿರಕ್ಕೆ ಇಳಿದು ನಿಂತುಬಿಡುತ್ತದೆ. ಅಷ್ಟಕ್ಕೇ ಪಂಪ್ ಆಫ್ ಮಾಡುವವರಿದ್ದಾರೆ. ಆದರೆ ಅಲ್ಲಿಂದ ಮುಂದಿನ ಇಳಿತವನ್ನು ಆ ಗೇಜ್ ತೋರಿಸಲಾರದು, ತೇವ ಹೋಗುವುದು ಆ ಮುಂದಿನ ಹಂತದಲ್ಲೇ. ಡಿಜಿಟಲ್ ಮೈಕ್ರಾನ್ ಗೇಜ್ ಇದ್ದರೆ (ಮೈಕ್ರಾನ್ ಎಂದರೆ ಇಲ್ಲಿ ಒಳಗೆ ಉಳಿದ ಅತಿ ಸಣ್ಣ ಒತ್ತಡದ ಅಳತೆ) 500 ಮೈಕ್ರಾನ್‌ಗಿಂತ ಕೆಳಗೆ ಇಳಿಯಬೇಕು. ಆಮೇಲೆ ಗೇಜಿನ ವಾಲ್ವ್ ಮುಚ್ಚಿ, ಪಂಪ್ ನಿಲ್ಲಿಸಿ, 10 ನಿಮಿಷ ಕಾಯಬೇಕು. ಅಂಕಿ ನಿಲ್ಲದೆ ಏರುತ್ತಲೇ ಹೋದರೆ ಎಲ್ಲೋ ಸೋರಿಕೆ ಇದೆ. ಸ್ವಲ್ಪ ಏರಿ ಒಂದೆರಡು ಸಾವಿರದ ಹತ್ತಿರ ನಿಂತರೆ ಒಳಗೆ ಇನ್ನೂ ತೇವವಿದೆ, ಪಂಪ್ ಮತ್ತೆ ಓಡಬೇಕು. ಮೈಕ್ರಾನ್ ಗೇಜ್ ಇಲ್ಲದಿದ್ದರೆ ಆ 10 ನಿಮಿಷ ಮುಳ್ಳು ಕೂದಲೆಳೆಯಷ್ಟೂ ಅಲ್ಲಾಡಬಾರದು. ಫೋನಿನಲ್ಲಿ ಎರಡು ಫೋಟೋ ತೆಗೆದಿಡಿ, ಪಂಪ್ ನಿಂತಾಗ ಒಂದು, 10 ನಿಮಿಷದ ಮೇಲೆ ಒಂದು.

ಸೋರಿಕೆ ಎಂದರೆ ಹತ್ತಕ್ಕೆ ಒಂಬತ್ತು ಸಲ ಅನುಮಾನ ಪಡಬೇಕಾದದ್ದು ಫ್ಲೇರ್ ಜಾಯಿಂಟನ್ನು. ತಾಮ್ರದ ಪೈಪಿನ ತುದಿಯನ್ನು ತುತ್ತೂರಿಯ ಬಾಯಿಯಂತೆ ಅಗಲಿಸಿ ನಟ್ ಬಿಗಿಯುವ ಜಾಗ ಅದು. ಯಂತ್ರ ನಿಂತಿದ್ದಾಗಲೂ, 30 ಡಿಗ್ರಿಯ ದಿನ, ಒಳಗೆ ಸುಮಾರು 260 ಪಿಎಸ್‌ಐ ಒತ್ತಡವಿರುತ್ತದೆ. ಸ್ಕೂಟರ್ ಟೈರಿನ ಎಂಟು-ಹತ್ತು ಪಟ್ಟು. ಪೈಪ್ ಕತ್ತರಿಸಿದಾಗ ಅಂಚಿನಲ್ಲಿ ಉಳಿಯುವ ಸಿವುರನ್ನು ಪೈಪಿನ ಬಾಯಿ ಕೆಳಗೆ ಮಾಡಿ ಕೆರೆದು ತೆಗೆಯಬೇಕು, ಇಲ್ಲದಿದ್ದರೆ ತಾಮ್ರದ ಪುಡಿ ಒಳಗೆ ಬೀಳುತ್ತದೆ. ಅಗಲಿಸಿದ ಬಾಯಿ ನುಣುಪಾಗಿ, ಬಿರುಕಿಲ್ಲದೆ, ಸುತ್ತ ಒಂದೇ ಅಗಲವಿರಬೇಕು. ಬಿಗಿಯಲು ಟಾರ್ಕ್ ಸ್ಪ್ಯಾನರ್ (ಎಷ್ಟು ಬಲದಲ್ಲಿ ಬಿಗಿದದ್ದು ಎಂದು ತೋರಿಸುವ ಸ್ಪ್ಯಾನರ್) ಒಳ್ಳೆಯದು: ಕಾಲಿಂಚು ಪೈಪಿಗೆ 14ರಿಂದ 18 ನ್ಯೂಟನ್-ಮೀಟರ್, ಅರ್ಧ ಇಂಚಿಗೆ ಸುಮಾರು 50ರಿಂದ 60. ಬರೀ ಸ್ಪ್ಯಾನರಿನಲ್ಲಿ ಇದ್ದ ಬಲವನ್ನೆಲ್ಲ ಹಾಕಿ ತಿರುಗಿಸಿದರೆ ಫ್ಲೇರ್ ತೆಳ್ಳಗಾಗಿ ಸೀಳುತ್ತದೆ, ಆ ಸೀಳು ತಿಂಗಳುಗಟ್ಟಲೆ ತಡವಾಗಿ ಸೋರತೊಡಗುತ್ತದೆ. ಗ್ಯಾಸ್ ಬಿಟ್ಟ ಮೇಲೆ ನಾಲ್ಕೂ ಜಾಯಿಂಟಿಗೆ ಸೋಪಿನ ನೊರೆ ಹಚ್ಚಿ ಎರಡು ನಿಮಿಷ ನೋಡಿ. ಇನ್ಸುಲೇಷನ್ ಟೇಪ್ ಸುತ್ತುವುದು ಆಮೇಲೆ.

"ಹೊಸ ಎಸಿಗೆ ಗ್ಯಾಸ್ ಹಾಕಬೇಕು" ಎಂದರೆ ಕಾರಣ ಕೇಳಿ. ಗ್ಯಾಸ್ ಫ್ಯಾಕ್ಟರಿಯಲ್ಲೇ ತುಂಬಿ ಬಂದಿರುತ್ತದೆ. ಕೈಪಿಡಿ ಹೇಳಿದ್ದಕ್ಕಿಂತ ಪೈಪ್ ಉದ್ದವಾದರೆ ಮಾತ್ರ ಹೆಚ್ಚುವರಿ ಬೇಕು. ಉದಾಹರಣೆಗೆ ನಿಮ್ಮ ಮಾಡೆಲಿಗೆ 5 ಮೀಟರ್‌ವರೆಗೆ ಸಾಕು, ಮೇಲಿನ ಪ್ರತಿ ಮೀಟರಿಗೆ 20 ಗ್ರಾಂ ಎಂದಿದ್ದರೆ, 9 ಮೀಟರ್ ಪೈಪಿಗೆ 80 ಗ್ರಾಂ. ಅದನ್ನು ತಕ್ಕಡಿಯಲ್ಲಿ ತೂಗಿ ಹಾಕಬೇಕು, ಅಂದಾಜಿನಲ್ಲಲ್ಲ.

ಇನ್ನು ಮಲೆನಾಡಿನ ಗೋಡೆ, ಮಳೆ. ಜಂಬಿಟ್ಟಿಗೆ ತೂತು ತೂತಿನ ಕಲ್ಲು. ಆಂಕರ್ ಬೋಲ್ಟ್ ಬಿಗಿಯುತ್ತ ಹೋದರೆ ಒಳಗೇ ಪುಡಿಯಾಗಿ ತಿರುಗುತ್ತದೆ. ಔಟ್‌ಡೋರ್ ಯೂನಿಟ್ಟಿನ ಸ್ಟ್ಯಾಂಡಿಗೆ ಗೋಡೆಯ ಆಚೆಯಿಂದ ಈಚೆಗೆ ಹಾಯುವ ಬೋಲ್ಟ್ ಹಾಕಿ, ಒಳಬದಿಗೆ ಕಬ್ಬಿಣದ ಪಟ್ಟಿ ಕೊಡಿಸಿ. ಇಲ್ಲವೇ ನೆಲದ ಮೇಲೆ ಅರ್ಧ ಅಡಿ ಕಾಂಕ್ರೀಟ್ ಕಟ್ಟೆ ಮಾಡಿ ಅದರ ಮೇಲೆ ಇಡಿ. ಬಚ್ಚಲ ಒಲೆಯ ಹೊಗೆ ಬರುವ ಕಡೆ, ಅಡಿಕೆ ಸುಲಿದು ಒಣಗಿಸುವ ಅಂಗಳದ ಕಡೆ ಬೇಡ. ಮಸಿ, ಸಿಪ್ಪೆಯ ನಾರು ಕಾಯಿಲಿನ ರೆಕ್ಕೆಗಳ ನಡುವೆ ಕಟ್ಟಿಕೊಳ್ಳುತ್ತವೆ. ಪೈಪ್ ಹಾಯುವ ತೂತು ಹೊರಗಡೆಗೆ ಸ್ವಲ್ಪ ಇಳಿಜಾರಾಗಿರಬೇಕು, ಇಲ್ಲದಿದ್ದರೆ ಆಷಾಢದ ಇರಚಲು ಅದರ ಮೂಲಕವೇ ಕೋಣೆಗೆ ಬರುತ್ತದೆ. ಎರಡೂ ಪೈಪಿಗೆ ಬೇರೆ ಬೇರೆಯಾಗಿ ಕಪ್ಪು ನೈಟ್ರೈಲ್ ರಬ್ಬರ್ ಇನ್ಸುಲೇಷನ್ ಇರಲಿ. ಒಂದಿಂಚು ಬರಿಮೈ ಬಿಟ್ಟರೂ ನಮ್ಮ ತೇವದ ಹವೆಯಲ್ಲಿ ಅಲ್ಲಿ ನೀರಿಳಿದು ಗೋಡೆಗೆ ಬೂಸ್ಟು ಹಿಡಿಯುತ್ತದೆ. ತೂತಿನ ಸುತ್ತ ಪುಟ್ಟಿಯಿಂದ ಪೂರ್ತಿ ಮುಚ್ಚಿಸಿ, ಹಲ್ಲಿ-ಇರುವೆಗೆ ದಾರಿ ಇರಬಾರದು.

ಡ್ರೇನ್ ಪರೀಕ್ಷೆ ಸುಲಭ. ಫಿಲ್ಟರ್ ತೆಗೆದು ಒಳಗಿನ ಕಾಯಿಲಿನ ಮೇಲೆ ಒಂದು ಲೀಟರ್ ನೀರನ್ನು ನಿಧಾನವಾಗಿ ಹೊಯ್ಯಿಸಿ. ನೀರೆಲ್ಲ ತಡೆಯಿಲ್ಲದೆ ಹೊರಗೆ ಬರಬೇಕು. ಡ್ರೇನ್ ಪೈಪಿನ ತುದಿ ಚರಂಡಿ ನೀರಿನಲ್ಲಿ ಮುಳುಗಿರಬಾರದು.

ವಿದ್ಯುತ್ತಿನ ಅಳತೆಗೆ ಮಲ್ಟಿಮೀಟರ್ ಸಾಕು, ಆದರೆ ಅಳೆಯುವವರು ಎಲೆಕ್ಟ್ರೀಷಿಯನ್ನೇ ಆಗಿರಲಿ. ಫೇಸ್-ನ್ಯೂಟ್ರಲ್ ಮತ್ತು ಫೇಸ್-ಅರ್ಥ್ ವೋಲ್ಟೇಜ್ ಹೆಚ್ಚುಕಡಿಮೆ ಒಂದೇ ಇರಬೇಕು, ನ್ಯೂಟ್ರಲ್-ಅರ್ಥ್ ನಡುವೆ ಎರಡು-ಮೂರು ವೋಲ್ಟ್ ದಾಟಬಾರದು. ದಾಟಿದರೆ ಅರ್ಥಿಂಗ್ ಸರಿಪಡಿಸುವ ತನಕ ಎಸಿ ಹಚ್ಚಬೇಡಿ. ಎಸಿ ಪೂರ್ಣ ಓಡುವಾಗ ಮೀಟರ್ ಬೋರ್ಡಿನಲ್ಲೂ ಎಸಿ ಸಾಕೆಟ್ಟಿನಲ್ಲೂ ವೋಲ್ಟೇಜ್ ಅಳೆಸಿ. ನಡುವೆ ಏಳು ವೋಲ್ಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ವೈರ್ ಸಣ್ಣದು, ಅಥವಾ ಎಲ್ಲೋ ಜಾಯಿಂಟ್ ಸಡಿಲ. ಎಸಿಗೆ ಪ್ರತ್ಯೇಕ ಎಂಸಿಬಿ, 4 ಚದರ ಮಿಲಿಮೀಟರಿನ ತಾಮ್ರದ ವೈರ್ ಇರಲಿ.

ಕೊನೆಗೆ ತಂಪಿನ ಅಳತೆ. 16 ಡಿಗ್ರಿಗೆ ಇಟ್ಟು, ಫ್ಯಾನ್ ಜೋರು ಮಾಡಿ, 15 ನಿಮಿಷ ಬಿಟ್ಟು, ಮೇಲೆ ಗಾಳಿ ಒಳಹೋಗುವಲ್ಲಿ ಒಂದು ಸಲ, ತಂಪು ಹೊರಬರುವ ಬಾಯಲ್ಲಿ ಒಂದು ಸಲ ಥರ್ಮಾಮೀಟರ್ ಹಿಡಿಯಿರಿ. 8ರಿಂದ 12 ಡಿಗ್ರಿ ವ್ಯತ್ಯಾಸ ಸರಿ. ಜೂನ್-ಜುಲೈನಲ್ಲಿ ಎಂಟರ ಹತ್ತಿರವೇ ಇದ್ದರೆ ಗಾಬರಿ ಬೇಡ. ಯಂತ್ರದ ಶಕ್ತಿಯ ದೊಡ್ಡ ಪಾಲು ಗಾಳಿಯ ತೇವವನ್ನು ನೀರು ಮಾಡುವುದಕ್ಕೇ ಹೋಗುತ್ತದೆ, ಡ್ರೇನಿನಲ್ಲಿ ನೀರು ಚೆನ್ನಾಗಿ ಬರುತ್ತಿರುತ್ತದೆ. ಅದೇ ಹೊತ್ತಿಗೆ ಕ್ಲಾಂಪ್ ಮೀಟರಿನಲ್ಲಿ (ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಆಂಪಿಯರ್ ನೋಡಿ ನೇಮ್‌ಪ್ಲೇಟಿನ ಅಂಕಿಯ ಜೊತೆ ಹೋಲಿಸಿ. ತಡ ಮಾಡಿದರೆ ಕೋಣೆ ತಣಿದು ಇನ್ವರ್ಟರ್ ಕಂಪ್ರೆಸರ್ ನಿಧಾನವಾಗಿ, ಅಂಕಿ ತಾನೇ ಇಳಿದಿರುತ್ತದೆ. ವ್ಯತ್ಯಾಸ ಸರಿಯಿದ್ದೂ ಕೋಣೆ ತಣಿಯದಿದ್ದರೆ ತಪ್ಪು ಫಿಟ್ಟಿಂಗಿನದಲ್ಲ, ಮುಚ್ಚಿಗೆಯ ಹಲಗೆ ಸಂದಿಗಳನ್ನು, ಹೆಂಚಿನ ಮಾಡಿನ ಕೆಳಗಿನ ಬಿರುಕುಗಳನ್ನು ಮುಚ್ಚಿಸಬೇಕು. ಹಾಟ್-ಅಂಡ್-ಕೋಲ್ಡ್ ಮಾಡೆಲಾದರೆ ಬಿಸಿಯನ್ನೂ 10 ನಿಮಿಷ ಓಡಿಸಿ ನೋಡಿ. ಆಗ ಔಟ್‌ಡೋರ್ ಯೂನಿಟ್ಟಿನಿಂದ ನೀರು ತೊಟ್ಟಿಕ್ಕುವುದು ಸಹಜ.

ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆಸಿ: ಎರಡೂ ಯೂನಿಟ್ಟಿನ ಸೀರಿಯಲ್ ನಂಬರ್, ಪೈಪಿನ ಉದ್ದ, ವ್ಯಾಕ್ಯೂಮ್ ಅಂಕಿ ಮತ್ತು ಸಮಯ, ಹಾಕಿದ ಗ್ಯಾಸ್ ಗ್ರಾಂಗಳಲ್ಲಿ, ವೋಲ್ಟೇಜ್, ಆಂಪಿಯರ್, ಎರಡು ತಾಪ, ದಿನಾಂಕ, ಕೆಲಸ ಮಾಡಿದವರ ಸಹಿ, ಅಂಗಡಿಯ ಸೀಲು. ನಿಮ್ಮ ಸಹಿ ಇದಾದ ಮೇಲೆ. ಜಿಎಸ್‌ಟಿ ಬಿಲ್ ಜೊತೆಗಿರಲಿ. ಮುಂದೆ ತಕರಾರಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಲು, ಬೇಕಾದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಲು ಇವೇ ದಾಖಲೆ.

ಒಂದು ತಿಂಗಳ ಮೇಲೆ ಔಟ್‌ಡೋರ್ ಯೂನಿಟ್ಟಿನ ನಟ್‌ಗಳ ಸುತ್ತ ಬೆರಳಾಡಿಸಿ. ಎಣ್ಣೆ ಜಿಡ್ಡು ಹತ್ತಿದರೆ ಗ್ಯಾಸ್ ಸೋರುತ್ತಿದೆ. ಆಗ "ಸ್ವಲ್ಪ ಗ್ಯಾಸ್ ಟಾಪ್ ಅಪ್ ಮಾಡ್ತೀವಿ" ಎಂಬುದಕ್ಕೆ ಒಪ್ಪಬೇಡಿ. ಉಳಿದ ಗ್ಯಾಸ್ ತೆಗೆದು, ಹೊಸ ಫ್ಲೇರ್ ಮಾಡಿ, ಮತ್ತೆ ವ್ಯಾಕ್ಯೂಮ್ ಹಿಡಿದು, ನೇಮ್‌ಪ್ಲೇಟಿನಲ್ಲಿರುವಷ್ಟು ಗ್ಯಾಸನ್ನೂ ಉದ್ದದ ಪೈಪಿನ ಹೆಚ್ಚುವರಿಯನ್ನೂ ತೂಗಿ ತುಂಬಿಸಬೇಕು.