ಸೆನೆಟ್ ಸ್ಥಾನ ತೆರವಾದಾಗ ಗವರ್ನರ್ ರುಜುವಿಗೇಕೆ ಇಷ್ಟು ಬೆಲೆ?

ಅಮೆರಿಕದಲ್ಲಿ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಸದಸ್ಯರು, ಅಂದರೆ ಸೆನೆಟರೊಬ್ಬರು ತೀರಿಕೊಂಡರೆ ಅಥವಾ ರಾಜೀನಾಮೆ ಕೊಟ್ಟರೆ, ಆ ಸ್ಥಾನಕ್ಕೆ ಯಾರು ಬರಬೇಕೆಂದು ಬಹುಪಾಲು ರಾಜ್ಯಗಳಲ್ಲಿ ಮೊದಲು ತೀರ್ಮಾನಿಸುವವರು ಮತದಾರರಲ್ಲ, ಗವರ್ನರ್. ಈ ಪದವನ್ನು ‘ರಾಜ್ಯಪಾಲ’ ಎಂದು ಕನ್ನಡಿಸಿದರೆ ಗೊಂದಲ ಇನ್ನಷ್ಟು ಹೆಚ್ಚುತ್ತದೆ. ಪಕ್ಷದ ಅಭ್ಯರ್ಥಿಯಾಗಿ ನಿಂತು, ಜನರ ಮತದಿಂದ ಗೆದ್ದು ಆಡಳಿತ ನಡೆಸುವ ಅವರು ನಮ್ಮ ಮುಖ್ಯಮಂತ್ರಿಗೇ ಹತ್ತಿರ.

1787ರಲ್ಲಿ ರೂಪುಗೊಂಡ ಸಂವಿಧಾನದಂತೆ ಪ್ರತಿ ರಾಜ್ಯದ ಇಬ್ಬರು ಸೆನೆಟರುಗಳನ್ನು, ನಮ್ಮ ಶಾಸಕರು ರಾಜ್ಯಸಭೆಗೆ ಸದಸ್ಯರನ್ನು ಆರಿಸುವ ಹಾಗೆಯೇ, ಆಯಾ ರಾಜ್ಯದ ಶಾಸನಸಭೆ ಆರಿಸುತ್ತಿತ್ತು. ಒಂದು ಶತಮಾನ ಹೇಗೋ ಸಾಗಿದ ಈ ಏರ್ಪಾಡು 1890ರ ದಶಕದ ಹೊತ್ತಿಗೆ ಹದಗೆಟ್ಟಿತ್ತು. 1895ರಲ್ಲಿ ಡೆಲವೇರ್ ಶಾಸನಸಭೆ 114 ದಿನಗಳಲ್ಲಿ 217 ಸುತ್ತು ಮತ ಹಾಕಿಯೂ ಸೆನೆಟರನ್ನು ಆರಿಸಲಾಗದೆ ಚದುರಿತು.

ಮೊಂಟಾನಾದ ಕಥೆ ಇನ್ನೂ ವಿಚಿತ್ರ. 1899ರಲ್ಲಿ ತಾಮ್ರದ ಗಣಿಗಳ ಒಡೆಯ ವಿಲಿಯಂ ಕ್ಲಾರ್ಕ್ ಸೆನೆಟ್‌ಗೆ ಆಯ್ಕೆಯಾಗುವ ಮುನ್ನ, ಮತಕ್ಕಾಗಿ ಬಂದದ್ದೆಂದು ಹೇಳಲಾದ 30,000 ಡಾಲರ್ ನೋಟುಗಳ ಲಕೋಟೆಗಳನ್ನು ಸದನದಲ್ಲಿಯೇ ತೋರಿಸಲಾಗಿತ್ತು. ಆಯ್ಕೆಯನ್ನು ಅಸಿಂಧುಗೊಳಿಸುವಂತೆ ಸೆನೆಟ್ ಸಮಿತಿ ಶಿಫಾರಸು ಮಾಡಿದಾಗ, 1900ರ ಮೇ ತಿಂಗಳಲ್ಲಿ ಕ್ಲಾರ್ಕ್ ರಾಜೀನಾಮೆ ಕೊಟ್ಟರು. ಆ ದಿನ ಗವರ್ನರ್ ಊರಲ್ಲಿರಲಿಲ್ಲ, ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದರು. ಅವರ ಜಾಗದಲ್ಲಿ ಕುಳಿತಿದ್ದ ಉಪ ಗವರ್ನರ್, ಕ್ಲಾರ್ಕ್ ಬಿಟ್ಟ ಸ್ಥಾನಕ್ಕೆ ಕ್ಲಾರ್ಕ್ ಅವರನ್ನೇ ನೇಮಿಸಿದರು! ಗವರ್ನರ್ ಹಿಂದಿರುಗಿ ಬೇರೊಬ್ಬರನ್ನು ಹೆಸರಿಸಿದರು. ಇಬ್ಬರಿಗೂ ಸ್ಥಾನ ಸಿಗಲಿಲ್ಲ. 1901ರಲ್ಲಿ ಹೊಸ ಶಾಸನಸಭೆ ಕ್ಲಾರ್ಕ್ ಅವರನ್ನೇ ಮತ್ತೆ ಆರಿಸಿ ಕಳಿಸಿತು.

ಒರೆಗಾನ್ ಬೇರೆ ದಾರಿ ಹಿಡಿಯಿತು. ಜನಮತ ಗಳಿಸಿದವರನ್ನೇ ಬೆಂಬಲಿಸುತ್ತೇವೆಂದು ಶಾಸಕರಾಗಲಿರುವವರಿಂದ ಅಲ್ಲಿ ಮುಂಚಿತವಾಗಿ ಮಾತು ಪಡೆಯಲಾಗುತ್ತಿತ್ತು. ಹೀಗಾಗಿ 1909ರಲ್ಲಿ ರಿಪಬ್ಲಿಕನ್ ಬಹುಮತದ ಸಭೆ, ಡೆಮಾಕ್ರಟಿಕ್ ಗವರ್ನರ್ ಜಾರ್ಜ್ ಚೇಂಬರ್ಲೇನ್ ಅವರನ್ನು ಸೆನೆಟ್‌ಗೆ ಕಳಿಸಬೇಕಾಯಿತು. 1913ರ ಏಪ್ರಿಲ್ 8ರಂದು ಅಂಗೀಕಾರ ಪೂರ್ಣಗೊಂಡ 17ನೇ ತಿದ್ದುಪಡಿ ಆಯ್ಕೆಯ ಹಕ್ಕನ್ನು ನೇರವಾಗಿ ಜನರಿಗೆ ಕೊಟ್ಟಿತಾದರೂ, ಒಂದು ಕಿಂಡಿಯನ್ನು ತೆರೆದೇ ಇಟ್ಟಿತು: ತೆರವಾದ ಸ್ಥಾನಕ್ಕೆ ಚುನಾವಣೆ ನಡೆಯುವವರೆಗೆ ತಾತ್ಕಾಲಿಕ ನೇಮಕ ಮಾಡಲು ಗವರ್ನರಿಗೆ ಶಾಸನಸಭೆ ಅಧಿಕಾರ ಕೊಡಬಹುದು.

ಈಗಿನ ಜಗಳವೆಲ್ಲ ಆ ಕಿಂಡಿಯದು. 2002ರಲ್ಲಿ ಅಲಾಸ್ಕಾದ ಗವರ್ನರಾದ ಫ್ರಾಂಕ್ ಮರ್ಕೌಸ್ಕಿ, ತಾವು ತೆರವು ಮಾಡಿದ ಸೆನೆಟ್ ಸ್ಥಾನಕ್ಕೆ ಸ್ವಂತ ಮಗಳನ್ನೇ ನೇಮಿಸಿದರು. ಮ್ಯಾಸಚೂಸೆಟ್ಸ್‌ನಲ್ಲಿ 2004ರಲ್ಲಿ ಸೆನೆಟರ್ ಜಾನ್ ಕೆರ್ರಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ್ದಾಗ, ಡೆಮಾಕ್ರಟಿಕ್ ಶಾಸನಸಭೆ ರಿಪಬ್ಲಿಕನ್ ಗವರ್ನರ್ ಕೈಯಿಂದ ನೇಮಕದ ಅಧಿಕಾರವನ್ನು ಕಿತ್ತುಕೊಂಡಿತು. 2009ರ ಆಗಸ್ಟ್‌ನಲ್ಲಿ ಅದೇ ರಾಜ್ಯದ ಇನ್ನೊಬ್ಬ ಸೆನೆಟರ್ ಎಡ್ವರ್ಡ್ ಕೆನಡಿ ನಿಧನರಾದರು. ಆಗ ಗವರ್ನರ್ ಡೆಮಾಕ್ರಟಿಕ್ ಪಕ್ಷದವರು. ತಿಂಗಳೊಳಗೆ ಅದೇ ಅಧಿಕಾರವನ್ನು ಹಿಂದಕ್ಕೆ ಕೊಡಲಾಯಿತು. ಸಮರ್ಥನೆಗಳು ಎರಡೂ ಸಲ ಘನವಾಗಿಯೇ ಇದ್ದವು. 2010ರ ಜನವರಿಯ ವಿಶೇಷ ಚುನಾವಣೆಯಲ್ಲಿ ಆ ಸ್ಥಾನವನ್ನು ಮತದಾರರು ರಿಪಬ್ಲಿಕನ್ ಸ್ಕಾಟ್ ಬ್ರೌನ್ ಅವರಿಗೆ ಕೊಟ್ಟದ್ದು ಲೆಕ್ಕಾಚಾರದಲ್ಲಿರದ ಸಂಗತಿ. ಕೆಂಟಕಿಯಲ್ಲಿ ಪಕ್ಷಗಳು ಅದಲುಬದಲಾಗಿ ಇದೇ ಆಟ ನಡೆಯಿತು: ಡೆಮಾಕ್ರಟಿಕ್ ಗವರ್ನರ್ ಇದ್ದಾಗ ರಿಪಬ್ಲಿಕನ್ ಸಭೆ 2021ರಲ್ಲಿ ನೇಮಕದ ಅಧಿಕಾರವನ್ನು ಮೊಟಕುಗೊಳಿಸಿ, 2024ರಲ್ಲಿ ಪೂರ್ತಿ ತೆಗೆದುಹಾಕಿತು.

ಒಹಾಯೊದಲ್ಲಿ ಕಿಂಡಿ ಮುಚ್ಚಿಲ್ಲ. ಜೆ.ಡಿ. ವ್ಯಾನ್ಸ್ ಉಪಾಧ್ಯಕ್ಷರಾದಾಗ ತೆರವಾದ ಸ್ಥಾನಕ್ಕೆ 2025ರ ಜನವರಿಯಲ್ಲಿ ಗವರ್ನರ್ ಮೈಕ್ ಡಿವೈನ್ ತಮ್ಮ ಉಪ ಗವರ್ನರ್ ಜಾನ್ ಹಸ್ಟೆಡ್ ಅವರನ್ನು ನೇಮಿಸಿದರು. ಉಳಿದ ಅವಧಿಗೆ ಚುನಾವಣೆ ನಿಗದಿಯಾದದ್ದು 2026ರ ನವೆಂಬರ್‌ಗೆ, ಅಂದರೆ ಹೊಸ ಗವರ್ನರನ್ನು ಆರಿಸುವ ದಿನಕ್ಕೇ.