ಜೆಮ್ ಕ್ಲಿಪ್‌ನೊಳಗಿನ ತಿರುಚು

ವಸ್ತುವಿನ ರೂಪ ಅದರ ಕಾರ್ಯವನ್ನು ಹಿಂಬಾಲಿಸುತ್ತದೆ ಎಂದು ಅಮೆರಿಕದ ವಾಸ್ತುಶಿಲ್ಪಿ ಲೂಯಿ ಸಲಿವನ್ 1896ರಲ್ಲಿ ಬರೆದರು. ಅಂದಿನಿಂದ ವಿನ್ಯಾಸದ ಪಾಠಗಳಲ್ಲಿ ಈ ಮಾತು ಮಂತ್ರದಂತೆ ಮೊಳಗುತ್ತಿದೆ. ನನಗೆ ಇದು ಅರೆಸತ್ಯವಾಗಿ ಕಾಣುತ್ತದೆ. ಗುಂಡುಸೂಜಿ, ದಾರ, ಸ್ಟೇಪ್ಲರ್ ಪಿನ್, ಜೆಮ್ ಕ್ಲಿಪ್ ಇವೆಲ್ಲವೂ ಮಾಡುವುದು ಹಾಳೆಗಳನ್ನು ಒಟ್ಟಿಗೆ ಹಿಡಿದಿಡುವ ಒಂದೇ ಕೆಲಸ. ಆದರೂ ಒಂದರ ರೂಪ ಇನ್ನೊಂದಕ್ಕಿಲ್ಲ. ಯಾವ ದ್ರವ್ಯದಿಂದ, ಅದರ ಯಾವ ಗುಣದಿಂದ ಆ ಕೆಲಸವನ್ನು ಮಾಡಿಸಿಕೊಳ್ಳುತ್ತೇವೆ ಎಂಬುದನ್ನು ಕೇಳಿದಾಗಲೇ ರೂಪದ ಗುಟ್ಟು ಬಿಚ್ಚಿಕೊಳ್ಳುತ್ತದೆ.

ಜೆಮ್ ಕ್ಲಿಪ್ಪನ್ನೇ ನೋಡಿ. ಒಂದು ತುಂಡು ಉಕ್ಕಿನ ತಂತಿ, ಮೂರು ಬಾಗು. ದೊಡ್ಡ ಕುಣಿಕೆಯೊಳಗೆ ಸಣ್ಣ ಕುಣಿಕೆ. ಹಾಳೆಗಳನ್ನು ನಡುವೆ ತೂರಿಸಿದಾಗ ಎರಡು ಕುಣಿಕೆಗಳೂ ದೂರ ಸರಿಯುತ್ತವೆ. ಆಗ ತಂತಿ ಬರೀ ಬಾಗುತ್ತದೆ ಎಂದು ಹೆಚ್ಚಿನವರು ತಿಳಿಯುತ್ತಾರೆ. ಆದರೆ ಅದರ ನೇರ ಕಾಲುಗಳು, ಒದ್ದೆ ಬಟ್ಟೆಯನ್ನು ಹಿಂಡುವಾಗ ತಿರುಚಿಕೊಳ್ಳುವಂತೆ, ತಮ್ಮ ಉದ್ದಕ್ಕೂ ತುಸುತುಸುವೇ ತಿರುಚಿಕೊಳ್ಳುತ್ತವೆ. ತಿರುಚಿದ ಉಕ್ಕು ಮೊದಲಿನ ಸ್ಥಿತಿಗೆ ಮರಳಲು ಹವಣಿಸುತ್ತದೆ. ಆ ಹವಣಿಕೆಯೇ ಹಾಳೆಗಳ ಮೇಲಿನ ಒತ್ತಡ. ಒಳಗಿನ ಹಾಳೆಗಳಿಗೆ ತಂತಿ ತಾಗುವುದೂ ಇಲ್ಲ, ಆದರೂ ಜಾರುವುದಿಲ್ಲ: ಒತ್ತಡ ಹಾಳೆಯಿಂದ ಹಾಳೆಗೆ ದಾಟುತ್ತದೆ, ಉಳಿದದ್ದನ್ನು ಘರ್ಷಣೆ ನೋಡಿಕೊಳ್ಳುತ್ತದೆ.

ಹಿಗ್ಗಿದಷ್ಟೂ ಮರಳುವ ಬಲ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ ಎಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ್ದರು. ಈ ನಿಯಮಕ್ಕೊಂದು ಗಡಿಯಿದೆ. ಅದನ್ನು ಮೀರಿ ಬಾಗಿಸಿದರೆ ಲೋಹ ಮರಳುವುದಿಲ್ಲ. ಕ್ಲಿಪ್ ತಯಾರಿಸುವ ಯಂತ್ರ ತಂತಿಯನ್ನು ಬೇಕೆಂದೇ ಆ ಗಡಿಯಾಚೆಗೆ ಬಾಗಿಸುತ್ತದೆ, ಇಲ್ಲದಿದ್ದರೆ ಕುಣಿಕೆ ನಿಲ್ಲುವುದೇ ಇಲ್ಲ. ಬಳಸುವವರ ಬೆರಳು ಮಾತ್ರ ಗಡಿಯ ಈಚೆಗೇ ಇರಬೇಕು. ಒಂದೇ ತಂತಿಯಿಂದ ಈ ಎರಡೂ ಬಗೆಯ ನಡತೆ ಬೇಕು! ಮೆತ್ತನೆಯ ತಂತಿ ಒಂದೇ ಬಾರಿಗೆ ಬಾಯಿ ಬಿಟ್ಟು ಕೂರುತ್ತದೆ, ತೀರ ಬಿರುಸಾದದ್ದಕ್ಕೆ ಹಾಳೆ ತೂರಿಸಲು ಹೋದರೆ ಹಾಳೆಯೇ ಮುದುರುತ್ತದೆ.

ಈ ಕ್ಲಿಪ್ಪನ್ನು ಕಂಡುಹಿಡಿದವರು ನಾರ್ವೆಯ ಯೋಹಾನ್ ವಾಲರ್ ಎಂದು ಇಂದಿಗೂ ಬರೆಯುವವರಿದ್ದಾರೆ. ಅವರಿಗೆ 1901ರಲ್ಲಿ ಪೇಟೆಂಟ್ ಸಿಕ್ಕಿದ್ದು ನಿಜ. ಆದರೆ ಜೆಮ್ ಅದಕ್ಕೂ ಮೊದಲೇ ಬಳಕೆಯಲ್ಲಿತ್ತು. ವಿಲಿಯಂ ಮಿಡಲ್‌ಬ್ರೂಕ್ 1899ರಲ್ಲೇ ಅಮೆರಿಕದಲ್ಲಿ ಅದನ್ನು ತಯಾರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದರು. ಅದಕ್ಕಿಂತ ಮುಖ್ಯವಾದ ವಿಷಯವೆಂದರೆ, ವಾಲರ್ ಅವರ ಕ್ಲಿಪ್‌ನಲ್ಲಿ ಕೊನೆಯ ಒಳಕುಣಿಕೆಯೇ ಇರಲಿಲ್ಲ. ಸರಾಗವಾಗಿ ತೂರಿಸಲು, ಬಿಗಿಯಾಗಿ ಹಿಡಿಯಲು ಬೇಕಾದದ್ದು ಅದೇ. ಓಸ್ಲೋ ಬಳಿಯ ಸಾಂಡ್ವಿಕಾದಲ್ಲಿ ಅವರ ನೆನಪಿಗೆ ನಿಲ್ಲಿಸಿದ ದೈತ್ಯ ಕ್ಲಿಪ್ ಕೂಡ ಜೆಮ್ ಮಾದರಿಯದು.

ಜೆಮ್‌ಗೂ ಕೊರತೆಗಳಿವೆ. ಕತ್ತರಿಸಿದ ತಂತಿಯ ತುದಿ, ತೆಗೆಯುವಾಗ ಹಾಳೆಯನ್ನು ಗೀರುತ್ತದೆ. ಕಾಲುಗಳನ್ನು ಉದ್ದ ಮಾಡಿ ತುದಿಯನ್ನು ಹಾಳೆಯಂಚಿನ ಹೊರಗೆ ಇಡಬಹುದು, ಆದರೆ ಪ್ರತಿ ಕ್ಲಿಪ್ಪಿಗೂ ಹೆಚ್ಚು ತಂತಿ ಬೇಕು. ಕಾಲು ಉದ್ದವಾದಷ್ಟೂ ತಿರುಚು ಸಡಿಲವಾಗಿ ಹಿಡಿತವೂ ತಗ್ಗುತ್ತದೆ.