ಗಾಢ ನಿದ್ದೆಯೋ, ಮಾತ್ರೆ ಜಾಸ್ತಿಯಾಯಿತೋ?

ಪ್ರಶ್ನೆ: ನಮ್ಮ ತಾಯಿಗೆ 72 ವರ್ಷ. ನಿದ್ದೆಗೆಂದು ರಾತ್ರಿ ಕ್ಲೋನಜೆಪಾಮ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಒಮ್ಮೊಮ್ಮೆ ನುಂಗಿದ್ದು ಮರೆತು ಇನ್ನೊಂದು ನುಂಗಿಬಿಡುತ್ತಾರೆ. ಮರುದಿನ ಎಷ್ಟು ಹೊತ್ತಾದರೂ ಏಳುವುದಿಲ್ಲ. ‘ಮಲಗಲಿ ಬಿಡು, ಇಳಿಯುತ್ತೆ’ ಅನ್ನುತ್ತಾರೆ ಮನೆಯವರು. ಸುಮ್ನೆ ಬಿಡಬಹುದಾ?

ಉತ್ತರ: ಬಿಡಬೇಡಿ. ಮೊದಲು ಎಬ್ಬಿಸಿ ನೋಡಿ.

ಬರೀ ನಿದ್ದೆಯಾದರೆ ಕೂಗಿ, ಭುಜ ಅಲುಗಾಡಿಸಿದಾಗ ಎಚ್ಚರವಾಗುತ್ತದೆ, ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸುತ್ತಾರೆ. ಮಾತ್ರೆ ಜಾಸ್ತಿಯಾದವರು ಕಣ್ಣು ಬಿಟ್ಟರೂ ಮತ್ತೆ ಮಂಪರಿಗೆ ಜಾರುತ್ತಾರೆ. ಮಾತು ತೊದಲುತ್ತದೆ, ನಿಂತರೆ ತೂರಾಡುತ್ತಾರೆ. ಇಷ್ಟು ಕಂಡರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾಗಿದ್ದರೆ, ತುಟಿ ನೀಲಿಯಾಗಿದ್ದರೆ ತಕ್ಷಣ 108ಕ್ಕೆ ಕರೆ ಮಾಡಿ. ‘ಗೊರಕೆ ಹೊಡೀತಿದ್ದಾರೆ, ಆರಾಮಾಗಿದ್ದಾರೆ’ ಅಂದುಕೊಂಡು ಮೋಸ ಹೋದ ಮನೆಗಳಿವೆ. ನಾಲಿಗೆ ಹಿಂದಕ್ಕೆ ಜಾರಿ ಉಸಿರಿನ ದಾರಿ ಅರ್ಧ ಕಟ್ಟಿದಾಗಲೂ ಗೊರಗೊರ ಸದ್ದು ಬರುತ್ತದೆ.

ಆಂಬುಲೆನ್ಸ್ ಬರುವವರೆಗೆ ಒಂದು ಮಗ್ಗುಲಿಗೆ ಮಲಗಿಸಿ, ಪಕ್ಕದಲ್ಲೇ ಇರಿ. ಉಪ್ಪುನೀರು, ಕಾಫಿ, ಮಜ್ಜಿಗೆ ಏನೂ ಕುಡಿಸಬೇಡಿ, ವಾಂತಿ ಮಾಡಿಸಬೇಡಿ. ಮಂಪರಿನಲ್ಲಿ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಖಾಲಿ ಸ್ಟ್ರಿಪ್ ಜೊತೆಗೆ ಕೊಂಡೊಯ್ಯಿರಿ. ಬೇಕಂತಲೇ ನುಂಗಿದ್ದರೆ, ಪೊಲೀಸ್ ಕೇಸಿಗೆ ಹೆದರಿ ಮುಚ್ಚಿಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ನೋಡುತ್ತದೆ. ಆಮೇಲಿನ ಮಾತುಕತೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಕನ್ನಡದಲ್ಲೇ ಮಾತಾಡಬಹುದು.

ವಯಸ್ಸಾದವರಲ್ಲೇ ಇದು ಜಾಸ್ತಿ ಯಾಕೆ? ಈ ಮಾತ್ರೆಗಳು ಅವರ ದೇಹದಿಂದ ನಿಧಾನವಾಗಿ ಹೊರಹೋಗುತ್ತವೆ. ಇದೇ ಜಾತಿಯ ಡಯಾಜೆಪಾಮ್ ಅಂತೂ ದಿನಗಟ್ಟಲೆ ಉಳಿಯುತ್ತದೆ. ನಿನ್ನೆಯದು ಕರಗುವ ಮೊದಲೇ ಇವತ್ತಿನದು ಸೇರುತ್ತದೆ. ಇದರ ಮೇಲೆ ಮದ್ಯ, ಟ್ರಮಡಾಲ್ ಇರುವ ನೋವಿನ ಮಾತ್ರೆ ಅಥವಾ ಕೊಡೀನ್ ಇರುವ ಕೆಮ್ಮಿನ ಸಿರಪ್ ಬಿದ್ದರೆ ಉಸಿರಾಟಕ್ಕೇ ಪೆಟ್ಟು. ಇವನ್ನು ಬೇರೆ ಬೇರೆ ಡಾಕ್ಟರು ಬರೆದುಕೊಟ್ಟಿರುತ್ತಾರೆ, ಒಬ್ಬರ ಚೀಟಿ ಇನ್ನೊಬ್ಬರು ನೋಡಿರುವುದಿಲ್ಲ. ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ಒಬ್ಬ ಡಾಕ್ಟರಿಗೆ ತೋರಿಸಿ.

ಸ್ಟ್ರಿಪ್ ತಾಯಿಯ ದಿಂಬಿನ ಹತ್ತಿರ ಬೇಡ, ಮೊಮ್ಮಕ್ಕಳ ಕೈಗೂ ಸಿಗಬಾರದು. ಮನೆಯಲ್ಲಿ ಒಬ್ಬರೇ ಮಾತ್ರೆ ಕೊಡಲಿ, ಕೊಟ್ಟ ಕೂಡಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ.

ಹಾಗಂತ ಹೆದರಿ ಇವತ್ತೇ ಮಾತ್ರೆ ನಿಲ್ಲಿಸಬೇಡಿ. ವರ್ಷಗಟ್ಟಲೆ ತೆಗೆದುಕೊಂಡವರಿಗೆ ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು. ತೆಲಂಗಾಣದಲ್ಲಿ ಆಲ್‌ಪ್ರಜೋಲಾಮ್ ಬೆರೆಸಿದ ಕಲಬೆರಕೆ ಸೇಂದಿ ಕುಡಿಯುತ್ತಿದ್ದವರು, ಸೇಂದಿ ಸಿಗದಾಗ ಫಿಟ್ಸ್ ಬಂದು ಆಸ್ಪತ್ರೆ ಸೇರಿದ್ದು ಇದೇ ಕಾರಣಕ್ಕೆ. ಆಲ್‌ಪ್ರಜೋಲಾಮ್ ಕೂಡ ಇದೇ ಜಾತಿಯ ಔಷಧಿ. ಮಾತ್ರೆ ಇನ್ನೂ ಬೇಕಾ, ಮೆಲ್ಲಗೆ ಇಳಿಸಬಹುದಾ ಅಂತ ಈ ವಾರವೇ ಡಾಕ್ಟರನ್ನು ಕೇಳಿ. ಎರಡೆರಡು ನುಂಗಿದ ರಾತ್ರಿಗಳ ವಿಷಯವನ್ನೂ ಬಿಡದೆ ಹೇಳಿ.